ಬಿಚ್ಚದ ಬೆಸುಗೆ: ಲಿಯೋ ಬೇಕಲೆಂಡನ ಜೀವನಕಥನ

ಬೆಂಕಿಯ ಎದುರಿನಲ್ಲಿ ವಸ್ತುಗಳ ನಿಜಸ್ವಭಾವ ಬಯಲಾಗುತ್ತದೆ. ಬೆಲ್ಲದ ಅಚ್ಚನ್ನು ಕಾಯಿಸಿದರೆ ಕರಗಿ ಪಾಕವಾಗುತ್ತದೆ. ಆರಿದರೆ ಮತ್ತೆ ಅಚ್ಚಾಗುತ್ತದೆ. ಮೇಣ, ಅರಗು, ಸೀಸಗಳ ನಡೆಯೂ ಇದೇ. ಆದರೆ ಕುಂಬಾರನ ಹಸಿಯ ಮಡಕೆ ಒಮ್ಮೆ ಆವಿಗೆಯಲ್ಲಿ ಬೆಂದು ಹೊರಬಂದಿತೆಂದರೆ ಮರಳಿ ಮಣ್ಣಿನ ಮುದ್ದೆಯಾಗದು. ಒಡೆದರೆ ಬೋಕಿಯಾದೀತು, ಕರಗಿ ಹೊಸ ಮಡಕೆಯಾಗಲಾರದು. ಮನುಷ್ಯನು ತನ್ನ ಬುದ್ಧಿಬಲದಿಂದ ರಚಿಸಿದ ಪ್ಲಾಸ್ಟಿಕ್ಕುಗಳಲ್ಲಿಯೂ ಇಂತಹ ಎರಡು ಕುಲಗಳುಂಟು. ಕಾದಾಗಲೆಲ್ಲ ಮೆತ್ತಗಾಗುವ ಕುಲ ಒಂದು; ಒಮ್ಮೆ ಕಾದು ಗಟ್ಟಿಯಾದ ಬಳಿಕ ಮತ್ತೆಂದೂ ಕರಗದ ಕುಲ ಇನ್ನೊಂದು. ಈ ಎರಡನೆಯ ಕುಲವನ್ನು ವಿಜ್ಞಾನಿಗಳು ಥರ್ಮೋಸೆಟ್ ಎಂಬ ಹೆಸರಿನಿಂದ ಕರೆಯುತ್ತಾರೆ. ಹಳೆಯ ಮನೆಗಳ ಗೋಡೆಯ ಮೇಲಿನ ಕಪ್ಪು ಸ್ವಿಚ್ಚು, ಅಡುಗೆಮನೆಯ ಕುಕ್ಕರಿನ ಹಿಡಿ, ಟಪಾಲು ಕಚೇರಿಗಳಲ್ಲಿದ್ದ ಭಾರವಾದ ಕಪ್ಪು ಟೆಲಿಫೋನು ಇವೆಲ್ಲ ಆ ಕುಲದ ಸಂತಾನಗಳು. ಪ್ರಕೃತಿಯಲ್ಲಿ ದೊರೆಯುವ ಯಾವ ರಾಳವನ್ನೂ ಆಧಾರವಾಗಿ ಇಟ್ಟುಕೊಳ್ಳದೆ ಪೂರ್ಣವಾಗಿ ರಸಾಯನಗಳಿಂದಲೇ ಇಂತಹ ವಸ್ತುವನ್ನು ರೂಪಿಸಿ, ಲೋಕದ ಬಳಕೆಗೆ ತಂದ ಮೊದಲಿಗನು ಲಿಯೋ ಹೆಂಡ್ರಿಕ್ ಬೇಕಲೆಂಡ್. ಆತನ ಜೀವನವು ಬಡತನದಿಂದ ವೈಭವಕ್ಕೇರಿದ ಒಬ್ಬ ಸಾಹಸಿಯ ಕಥೆ ಮಾತ್ರವಲ್ಲ. ಒಂದು ವಸ್ತುವಿನ ಗುಣವೇ ಕಾಲಾಂತರದಲ್ಲಿ ಹೇಗೆ ಸಮಸ್ಯೆಯಾಗಿ ನಿಲ್ಲಬಲ್ಲದು ಎಂಬುದಕ್ಕೂ ಅದು ನಿದರ್ಶನ.

ಬೇಕಲೆಂಡನು 1863ರ ನವೆಂಬರ್ 14ರಂದು ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ ಜನಿಸಿದನು. ತಂದೆ ಪಾದರಕ್ಷೆಗಳನ್ನು ಹೊಲಿಯುವ ಕಾಯಕದವನು. ತಾಯಿ ಸಿರಿವಂತರ ಮನೆಗಳಲ್ಲಿ ಕೆಲಸ ಮಾಡಿ ಬಂದವಳು. ತಂದೆಗೆ ಅಕ್ಷರಾಭ್ಯಾಸವಿರಲಿಲ್ಲ. ಮಗನೂ ತನ್ನಂತೆಯೇ ಚರ್ಮ ಕೊಯ್ದು, ದಾರ ಪೋಣಿಸಿ ಬದುಕಲೆಂಬುದು ಅವನ ಅಭಿಲಾಷೆ. ಆ ಅಭಿಲಾಷೆಯಲ್ಲಿ ತಪ್ಪೇನೂ ಇರಲಿಲ್ಲ. ಪಾದರಕ್ಷೆ ಹೊಲಿದ ಹರಳಯ್ಯನನ್ನು ಶರಣನೆಂದು ಕೈಮುಗಿದ ನಾಡಿನವರಿಗೆ ಆ ಕಾಯಕದ ಘನತೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಆದರೆ ತಾಯಿಯು ಮಗನ ಕಣ್ಣಿನಲ್ಲಿದ್ದ ಜಿಜ್ಞಾಸೆಯನ್ನು ಗುರುತಿಸಿದಳು. ಅವಳ ಒತ್ತಾಸೆಯಿಂದ ಹುಡುಗನು ಶಾಲೆಯನ್ನು ಬಿಡದೆ ಓದಿದನು. ನಗರದ ಕೈಗಾರಿಕಾ ಶಾಲೆಯ ಸಂಜೆಯ ತರಗತಿಗಳಲ್ಲಿ ರಸಾಯನಶಾಸ್ತ್ರ, ಯಂತ್ರಶಾಸ್ತ್ರ ಮುಂತಾದವುಗಳನ್ನು ಕಲಿತನು. ಛಾಯಾಚಿತ್ರ ಕಲೆಯಲ್ಲಿ ಅವನಿಗೆ ಎಳವೆಯಲ್ಲಿಯೇ ಹುಚ್ಚು ಹಿಡಿದಿತ್ತು. ಅದಕ್ಕೆ ಬೇಕಾದ ಬೆಳ್ಳಿಯ ಲವಣವನ್ನು ಕೊಳ್ಳಲು ಹಣವಿಲ್ಲದಿರಲು, ತನ್ನ ಗಡಿಯಾರದ ಬೆಳ್ಳಿಯ ಸರಪಳಿಯನ್ನೇ ಆಮ್ಲದಲ್ಲಿ ಕರಗಿಸಿ, ಅದರಲ್ಲಿ ಬೆರೆತಿದ್ದ ತಾಮ್ರವನ್ನು ಬೇರ್ಪಡಿಸಿ, ಬೇಕಾದ ಲವಣವನ್ನು ತಾನೇ ತಯಾರಿಸಿಕೊಂಡನೆಂದು ಹೇಳುತ್ತಾರೆ.

ಗೆಂಟ್ ನಗರಾಡಳಿತದ ವಿದ್ಯಾರ್ಥಿವೇತನವನ್ನು ಗಳಿಸಿ ಆತನು 1880ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯವನ್ನು ಸೇರಿದನು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅಂದರೆ 1884ರಲ್ಲಿ, ಅತ್ಯುನ್ನತ ಶ್ರೇಣಿಯೊಡನೆ ಡಾಕ್ಟರೇಟ್ ಪದವಿಯನ್ನು ಪಡೆದನು. ಅನಂತರ ಬ್ರೂಜ್ ನಗರದಲ್ಲಿಯೂ ಗೆಂಟ್ ವಿಶ್ವವಿದ್ಯಾಲಯದಲ್ಲಿಯೂ ಅಧ್ಯಾಪಕನಾಗಿ ದುಡಿದನು. ಅವನ ಗುರು ತಿಯೋಡೋರ್ ಸ್ವಾರ್ಟ್ಸ್ ಎಂಬ ಪ್ರಸಿದ್ಧ ರಸಾಯನಶಾಸ್ತ್ರಜ್ಞ. ಆ ಗುರುವಿನ ಮಗಳಾದ ಸೆಲೀನಳನ್ನು ಬೇಕಲೆಂಡನು 1889ರಲ್ಲಿ ವಿವಾಹವಾದನು. ಅದೇ ವರ್ಷ ಪ್ರವಾಸ ವಿದ್ಯಾರ್ಥಿವೇತನವೊಂದರ ನೆರವಿನಿಂದ ದಂಪತಿಗಳು ಹೊರನಾಡುಗಳ ವಿದ್ಯಾಕೇಂದ್ರಗಳನ್ನು ನೋಡಲು ಹೊರಟು ಅಮೆರಿಕೆಯ ನ್ಯೂಯಾರ್ಕನ್ನು ತಲಪಿದರು. ಕೊಲಂಬಿಯ ವಿದ್ಯಾಸಂಸ್ಥೆಯ ಪ್ರಾಧ್ಯಾಪಕ ಚಾರ್ಲ್ಸ್ ಚಾಂಡ್ಲರನು ಈ ತರುಣನ ಪ್ರತಿಭೆಯನ್ನು ಕಂಡು ಅಲ್ಲಿಯೇ ನೆಲೆಸುವಂತೆ ಹುರಿದುಂಬಿಸಿದನು. ನೋಡಲು ಹೋದ ನಾಡೇ ಬಾಳಿನ ನಾಡಾಯಿತು.

ಆದರೆ ಹೊಸ ನಾಡು ಕೂಡಲೇ ಕೈಹಿಡಿಯಲಿಲ್ಲ. ಛಾಯಾಚಿತ್ರ ಸಾಮಗ್ರಿಯ ಸಂಸ್ಥೆಯೊಂದರಲ್ಲಿ ಎರಡು ವರ್ಷ ಕೆಲಸ ಮಾಡಿದ ಬೇಕಲೆಂಡನು 1891ರಲ್ಲಿ ಸ್ವತಂತ್ರ ಸಲಹೆಗಾರನಾಗಿ ನಿಂತನು. ಏಕಕಾಲದಲ್ಲಿ ಹತ್ತಾರು ಶೋಧನೆಗಳಿಗೆ ಕೈಹಾಕಿ ಯಾವುದನ್ನೂ ಮುಗಿಸಲಾರದೆ ಹೋದನು. ಕೈಯಲ್ಲಿದ್ದ ಹಣ ಕರಗಿತು; ಕಾಯಿಲೆ ಕಾಡಿತು. ರೋಗಶಯ್ಯೆಯಲ್ಲಿ ಮಲಗಿದ್ದಾಗ ತನ್ನ ದಾರಿಯ ಲೋಪವು ಆತನಿಗೆ ಅರಿವಾಯಿತು. ಹಲವು ಬಾವಿಗಳನ್ನು ಅರ್ಧರ್ಧ ತೋಡುವುದಕ್ಕಿಂತ ಒಂದೇ ಬಾವಿಯನ್ನು ನೀರು ಕಾಣುವ ತನಕ ತೋಡುವುದು ಲೇಸೆಂದು ನಿಶ್ಚಯಿಸಿದನು. ಅಂದಿನಿಂದ ಫಲಿತಾಂಶ ಬೇಗ ದೊರಕಬಹುದಾದ ಒಂದೇ ಕಾರ್ಯಕ್ಕೆ ತನ್ನ ಶಕ್ತಿಯನ್ನೆಲ್ಲ ಧಾರೆಯೆರೆದನು. ಆ ಏಕನಿಷ್ಠೆಯ ಫಲವೇ ವೆಲಾಕ್ಸ್ ಎಂಬ ಛಾಯಾಚಿತ್ರ ಕಾಗದ. ಅದುವರೆಗೆ ಚಿತ್ರಗಳನ್ನು ಕಾಗದದ ಮೇಲೆ ಮೂಡಿಸಲು ಸಾಮಾನ್ಯವಾಗಿ ಸೂರ್ಯನ ಬೆಳಕನ್ನೇ ಕಾಯಬೇಕಾಗಿತ್ತು. ವೆಲಾಕ್ಸ್ ಕಾಗದದ ಮೇಲೆ ದೀಪದ ಬೆಳಕಿನಲ್ಲಿಯೇ ಚಿತ್ರ ಮೂಡಿಸಲು ಸಾಧ್ಯವಾಯಿತು. 1893ರಲ್ಲಿ ನ್ಯೂಯಾರ್ಕಿಗೆ ಸಮೀಪದ ಯಾಂಕರ್ಸ್ ಎಂಬಲ್ಲಿ ಇದಕ್ಕಾಗಿ ನೆಪೆರಾ ಕಂಪನಿ ಸ್ಥಾಪನೆಯಾಯಿತು. 1899ರಲ್ಲಿ ಕೊಡಾಕ್ ಸಂಸ್ಥೆಯ ಜಾರ್ಜ್ ಈಸ್ಟ್‌ಮನ್ನನು ಆ ಕಂಪನಿಯನ್ನು ಬಹು ದೊಡ್ಡ ಮೊತ್ತಕ್ಕೆ ಕೊಂಡನು. ಮೂವತ್ತಾರನೆಯ ವಯಸ್ಸಿಗೆ ಚಮ್ಮಾರನ ಮಗನು ಶ್ರೀಮಂತನಾದನು.

ಸಂಪತ್ತು ಬಂದೊಡನೆ ದುಡಿಮೆಯನ್ನು ಬಿಟ್ಟು ಕುಳಿತುಕೊಳ್ಳುವ ಜಾಯಮಾನ ಆತನದಾಗಿರಲಿಲ್ಲ. ಯಾಂಕರ್ಸಿನಲ್ಲಿ ಹಡ್ಸನ್ ನದಿಯ ಬಳಿ ವಿಶಾಲವಾದ ಮನೆಯೊಂದನ್ನು ಕೊಂಡು, ಅದರ ಆವರಣದಲ್ಲಿಯೇ ಪ್ರಯೋಗಶಾಲೆಯನ್ನು ಅಣಿಗೊಳಿಸಿದನು. ತನ್ನ ವಿದ್ಯೆ ಹಳತಾಗಿದೆಯೆಂದು ಭಾವಿಸಿ 1900ರಲ್ಲಿ ಜರ್ಮನಿಗೆ ಹೋಗಿ, ಬರ್ಲಿನ್ನಿನ ಶಾರ್ಲಾಟೆನ್‌ಬರ್ಗ್ ತಾಂತ್ರಿಕ ವಿದ್ಯಾಲಯದಲ್ಲಿ ವಿದ್ಯುತ್ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿದನು. ಡಾಕ್ಟರೇಟ್ ಪಡೆದು, ಅಧ್ಯಾಪಕನಾಗಿ, ಐಶ್ವರ್ಯವಂತನಾದ ಬಳಿಕವೂ ಮತ್ತೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕುಳಿತುಕೊಳ್ಳಲು ಹಿಂಜರಿಯದ ಈ ವಿನಯವು ವಿದ್ಯಾರ್ಥಿಗಳು ಗಮನಿಸತಕ್ಕದ್ದು.

ಆ ಕಾಲಕ್ಕೆ ಲೋಕದಲ್ಲಿ ವಿದ್ಯುಚ್ಛಕ್ತಿಯ ಯುಗವು ಆರಂಭವಾಗಿತ್ತು. ತಂತಿಗಳಿಗೂ ಯಂತ್ರದ ಸುರುಳಿಗಳಿಗೂ ವಿದ್ಯುತ್ತು ಹೊರಗೆ ಹರಿಯದಂತೆ ತಡೆಯುವ ಲೇಪ ಬೇಕಾಗಿತ್ತು. ಅದಕ್ಕೆ ಬಳಕೆಯಾಗುತ್ತಿದ್ದುದು ಅರಗು. ಭಾರತದ ಕಾಡುಗಳಲ್ಲಿ ಮುತ್ತುಗ, ಬೋರೆ ಮೊದಲಾದ ಮರಗಳ ರೆಂಬೆಗಳಿಗೆ ಅಂಟಿ ಬಾಳುವ ಅಲ್ಪಕೀಟವೊಂದು ಸ್ರವಿಸುವ ರಾಳವೇ ಅರಗು. ಪಾಂಡವರಿಗಾಗಿ ಕಟ್ಟಿಸಿದ ಅರಗಿನ ಮನೆಯ ಕಥೆಯಿಂದಲೂ, ಚನ್ನಪಟ್ಟಣದ ಗೊಂಬೆಗಳ ಮೆರುಗಿನಿಂದಲೂ ಅದು ಕನ್ನಡಿಗರಿಗೆ ಪರಿಚಿತ. ಸಹಸ್ರಾರು ಕೀಟಗಳು ತಿಂಗಳುಗಟ್ಟಲೆ ಸ್ರವಿಸಿದರೆ ದೊರೆಯುವುದು ಬೊಗಸೆಯಷ್ಟು ಅರಗು. ವಿದ್ಯುದುದ್ಯಮದ ಬೇಡಿಕೆಯನ್ನು ಈ ಕೀಟಗಳು ಪೂರೈಸಲಾರದೆ ಹೋದವು, ಬೆಲೆ ಏರತೊಡಗಿತು. ಕೀಟದ ನೆರವಿಲ್ಲದೆ ಅರಗನ್ನು ಮಾಡಬಲ್ಲವನಿಗೆ ದೊಡ್ಡ ಮಾರುಕಟ್ಟೆ ಕಾದಿದೆಯೆಂಬುದನ್ನು ಬೇಕಲೆಂಡನು ಕಂಡುಕೊಂಡನು.

ಅವನ ಕಣ್ಣು ಬಿದ್ದದ್ದು ಇತರರು ಬಿಟ್ಟುಹಾಕಿದ ಒಂದು ಕಸದ ಮೇಲೆ. 1872ರಲ್ಲಿ ಜರ್ಮನಿಯ ಮಹಾರಸಾಯನಜ್ಞ ಅಡಾಲ್ಫ್ ಫಾನ್ ಬೇಯರನು ಫೀನಾಲ್ ಮತ್ತು ಆಲ್ಡಿಹೈಡುಗಳನ್ನು ಕೂಡಿಸಿದಾಗ ಅಂಟಾದ ರಾಳವೊಂದು ಉಂಟಾಗಿತ್ತು. ಫೀನಾಲ್ ಎಂದರೆ ಕಲ್ಲಿದ್ದಲಿನ ಟಾರಿನಿಂದ ದೊರೆಯುತ್ತಿದ್ದ ಕಾರ್ಬಾಲಿಕ್ ಆಮ್ಲ. ಫಾರ್ಮಾಲ್ಡಿಹೈಡ್ ಎಂದರೆ ಪ್ರಯೋಗಶಾಲೆಗಳಲ್ಲಿ ಪ್ರಾಣಿಗಳ ದೇಹವನ್ನು ಕೆಡದಂತೆ ಇಡುವ ಫಾರ್ಮಲಿನ್ನಿನಲ್ಲಿರುವ ದ್ರವ್ಯ. ಬಣ್ಣಗಳ ಶೋಧನೆಯಲ್ಲಿದ್ದ ಬೇಯರನಿಗೆ ಆ ರಾಳದಿಂದ ಪ್ರಯೋಜನವಿರಲಿಲ್ಲ. ಅನಂತರ ಬಂದವರಿಗೆ ಅದು ಪೀಡೆಯೇ ಆಯಿತು. ಯಾವ ದ್ರಾವಣದಲ್ಲಿಯೂ ಕರಗದು, ಹರಳುಗಟ್ಟದು, ಪಾತ್ರೆಗೆ ಕಚ್ಚಿಕೊಂಡರೆ ಪಾತ್ರೆಯನ್ನೇ ಎಸೆಯಬೇಕು. ಕರಗದಿರುವುದನ್ನು ಎಲ್ಲರೂ ದೋಷವೆಂದು ಬಗೆದರು. ಬೇಕಲೆಂಡನೂ ಮೊದಲು ಹಾಗೆಯೇ ಬಗೆದು, ತನ್ನ ಸಹಾಯಕ ನಥಾನಿಯಲ್ ಥರ್ಲೋ ಎಂಬುವನೊಡನೆ ಕರಗುವ ರಾಳವನ್ನೇ ಅರಸಿದನು. ನೊವೊಲಾಕ್ ಎಂಬ ಹೆಸರಿನ ಕೃತಕ ಅರಗು ಸಿದ್ಧವಾಯಿತು. ಆದರೆ ನಿಜವಾದ ಅರಗಿನ ಸ್ಥಾನವನ್ನು ಅದು ಕಸಿದುಕೊಳ್ಳಲಿಲ್ಲ.

ಇಲ್ಲಿಯೇ ಆತನ ಆಲೋಚನೆಯು ಪೂರ್ತಿಯಾಗಿ ಹೊರಳಿತು. ಕರಗದಿರುವುದೇ ಈ ವಸ್ತುವಿನ ಸ್ವಭಾವವಾದರೆ ಅದನ್ನೇ ಗುಣವೆಂದು ಏಕೆ ಸ್ವೀಕರಿಸಬಾರದು ಎಂಬ ಪ್ರಶ್ನೆಯು ಅವನಲ್ಲಿ ಮೂಡಿತು. ಆ ಎರಡು ದ್ರವ್ಯಗಳು ಕೂಡುವ ಬಗೆಯನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಫೀನಾಲಿನ ಒಂದೊಂದು ಅಣುವಿಗೂ ಇತರ ಅಣುಗಳನ್ನು ಹಿಡಿದುಕೊಳ್ಳಲು ಮೂರು ಸ್ಥಾನಗಳಿವೆ. ಫಾರ್ಮಾಲ್ಡಿಹೈಡಿನ ಅಣು ಎರಡು ಫೀನಾಲುಗಳ ನಡುವೆ ಸೇತುವೆಯಾಗಿ ನಿಲ್ಲುತ್ತದೆ. ಎರಡೇ ಕೈಗಳಿದ್ದವರು ಕೈಹಿಡಿದು ನಿಂತರೆ ಸಾಲಾಗುತ್ತದೆ; ಮೂರು ಕೈಗಳಿದ್ದವರು ಹಿಡಿದು ನಿಂತರೆ ಸಾಲಿಗೆ ಸಾಲು ಬೆಸೆದು ಎಲ್ಲ ದಿಕ್ಕುಗಳಿಗೂ ಹರಡಿದ ಬಲೆಯಾಗುತ್ತದೆ. ಬಲೆ ಪೂರ್ತಿಯಾದ ಮೇಲೆ ಇಡೀ ಮುದ್ದೆಯೇ ಒಂದು ಮಹಾಣುವಿನಂತೆ. ಅದರ ಒಂದು ಭಾಗವು ಇನ್ನೊಂದರ ಮೇಲೆ ಜಾರಿಹೋಗಲಾರದು. ಆದಕಾರಣ ಅದು ಕರಗದು, ಹರಿಯದು. ಆದರೆ ಪ್ರತಿಯೊಂದು ಸೇತುವೆ ಕಟ್ಟುವಾಗಲೂ ನೀರಿನ ಅಣುವೊಂದು ಬಿಡುಗಡೆಯಾಗುತ್ತದೆ. ಕಾಯಿಸಿದಾಗ ಆ ನೀರು ಆವಿಯಾಗಿ ನೊರೆಯೆದ್ದು ವಸ್ತುವೆಲ್ಲ ಗುಳ್ಳೆಗಳಿಂದ ತುಂಬಿಹೋಗುತ್ತಿತ್ತು. ಈ ಭಯದಿಂದಲೇ ಹಿಂದಿನವರು ಶಾಖವನ್ನು ತಗ್ಗಿಸುತ್ತ ಹೋಗಿದ್ದರು. ಬೇಕಲೆಂಡನು ಶಾಖವನ್ನು ಏರಿಸಿದನು. ಜೊತೆಗೆ ಮುಚ್ಚಿದ ಪಾತ್ರೆಯಲ್ಲಿ ಒತ್ತಡವನ್ನೂ ಏರಿಸಿದನು. ಒತ್ತಡದಡಿಯಲ್ಲಿ ಗುಳ್ಳೆಗಳು ಏಳಲಾರದೆ ಹೋದವು. ಹೊರಬಂದದ್ದು ಪಾತ್ರೆಯ ಆಕಾರವನ್ನೇ ಯಥಾವತ್ತಾಗಿ ತಳೆದ, ಜೇನಿನ ಬಣ್ಣದ, ಬೆಂಕಿಗೂ ಆಮ್ಲಕ್ಕೂ ವಿದ್ಯುತ್ತಿಗೂ ಜಗ್ಗದ ಘನವಸ್ತು. ಇದು 1907ರ ಜೂನ್ ತಿಂಗಳಲ್ಲಿ ನಡೆದ ಮಾತು. ತನ್ನ ಹೆಸರನ್ನೇ ಅದಕ್ಕೆ ಇತ್ತು ಬೇಕಲೈಟ್ ಎಂದು ಕರೆದನು. ಜುಲೈ 13ರಂದು ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. 1909ರ ಡಿಸೆಂಬರ್ 7ರಂದು ಅದು ಮಂಜೂರಾಯಿತು. ಇಂಗ್ಲೆಂಡಿನಲ್ಲಿ ಜೇಮ್ಸ್ ಸ್ವಿನ್‌ಬರ್ನ್ ಎಂಬ ಇಂಜಿನಿಯರನು ಇದೇ ದಾರಿಯಲ್ಲಿ ನಡೆದಿದ್ದನಾದರೂ ಪೇಟೆಂಟ್ ಕಚೇರಿಗೆ ಒಂದೇ ದಿನ ತಡವಾಗಿ ಬಂದು ಅವಕಾಶ ಕಳೆದುಕೊಂಡನು.

ಬೇಕಲೆಂಡನ ಜಾಣ್ಮೆಯು ಇಷ್ಟಕ್ಕೇ ನಿಲ್ಲಲಿಲ್ಲ. ಬಲೆ ಪೂರ್ತಿಯಾದ ಮೇಲೆ ಯಾವ ಆಕಾರಕ್ಕೂ ತರಲಾಗದ ವಸ್ತುವನ್ನು ಕಾರಖಾನೆಗಳಿಗೆ ಮಾರುವುದು ಹೇಗೆ? ಆತನು ಕ್ರಿಯೆಯನ್ನು ಮೂರು ಅವಸ್ಥೆಗಳಾಗಿ ವಿಂಗಡಿಸಿದನು. ಮೊದಲನೆಯದರಲ್ಲಿ ರಾಳವು ದ್ರವರೂಪದಲ್ಲಿರುತ್ತದೆ ಅಥವಾ ಕಾಯಿಸಿದರೆ ಕರಗುತ್ತದೆ. ಎರಡನೆಯದರಲ್ಲಿ ಗಟ್ಟಿಯಾಗಿದ್ದರೂ ಶಾಖಕ್ಕೆ ಮೆತ್ತಗಾಗುತ್ತದೆ. ಮೂರನೆಯದರಲ್ಲಿ ಬಲೆ ಮುಗಿದು ಶಾಶ್ವತವಾಗಿ ನಿಲ್ಲುತ್ತದೆ. ಅಚ್ಚು ಒತ್ತುವವನಿಗೆ ಅರೆಬೆಂದ ರಾಳವನ್ನು ಪುಡಿಮಾಡಿ ಕೊಟ್ಟರೆ ಸಾಕು. ಕೊನೆಯ ಬೇಯಿಸುವಿಕೆ ಅವನ ಅಚ್ಚಿನಲ್ಲಿ ಕೆಲವೇ ನಿಮಿಷಗಳಲ್ಲಿ ನಡೆಯುತ್ತಿತ್ತು.

ಇನ್ನೊಂದು ತೊಡಕು ಉಳಿದಿತ್ತು. ಬಲೆ ಎಷ್ಟು ಬಿಗಿಯೋ ವಸ್ತು ಅಷ್ಟು ಗಟ್ಟಿ. ಎಷ್ಟು ಗಟ್ಟಿಯೋ ಅಷ್ಟು ಭಿದುರ. ಬರಿಯ ಬೇಕಲೈಟ್ ಕೆಳಗೆ ಬಿದ್ದರೆ ಗಾಜಿನಂತೆ ಸಿಡಿಯುತ್ತಿತ್ತು. ಬಗ್ಗಲಾರದ ವಸ್ತುವಿಗೆ ಪೆಟ್ಟನ್ನು ನುಂಗಿಕೊಳ್ಳುವ ಶಕ್ತಿಯಿಲ್ಲ. ಸಣ್ಣದೊಂದು ಬಿರುಕು ಹುಟ್ಟಿದರೆ ಯಾವ ತಡೆಯೂ ಇಲ್ಲದೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಓಡಿಬಿಡುತ್ತದೆ. ಇದರ ಪರಿಹಾರವೂ ಕಸದಿಂದಲೇ ಬಂದಿತು. ಮರಗೆಲಸದವರು ಗುಡಿಸಿ ಹಾಕುವಂತಹ ಮರದ ಹುಡಿಯನ್ನು ನುಣ್ಣಗೆ ಮಾಡಿ ರಾಳಕ್ಕೆ ಬೆರೆಸಿದಾಗ ಬೇಕಲೈಟ್ ಪೆಟ್ಟಿಗೆ ತಾಳಿಕೊಳ್ಳತೊಡಗಿತು. ಓಡುವ ಬಿರುಕಿಗೆ ಮರದ ನಾರುಗಳು ಅಡ್ಡ ನಿಂತು ಅದರ ದಾರಿಯನ್ನು ತಿರುಗಿಸುತ್ತವೆ. ಪ್ರತಿ ತಿರುವಿನಲ್ಲಿಯೂ ಅದರ ಬಲ ಸೋರಿಹೋಗುತ್ತದೆ. ಗೋಡೆಯ ಮಣ್ಣಿಗೆ ಹುಲ್ಲು ಬೆರೆಸಿ ಬಿರುಕನ್ನು ತಡೆಯುವ ಹಳ್ಳಿಗರ ಜಾಣ್ಮೆಯೇ ಇಲ್ಲಿಯೂ ನಡೆಯಿತು. ವಿನೋದವೆಂದರೆ, ಬೇಕಲೆಂಡನು ಮೊದಲು ಹೊರಟದ್ದು ರಾಳವನ್ನು ಮರದೊಳಕ್ಕೆ ಇಳಿಸಿ ಮರವನ್ನು ಗಟ್ಟಿ ಮಾಡಲೆಂದು. ಕೊನೆಗೆ ಮರವೇ ರಾಳದೊಳಕ್ಕೆ ಹೊಕ್ಕು ರಾಳವನ್ನು ಗಟ್ಟಿ ಮಾಡಿತು. ಕಾಗದ ಮತ್ತು ಬಟ್ಟೆಗಳನ್ನು ರಾಳದಲ್ಲಿ ಅದ್ದಿ, ಪದರಪದರವಾಗಿ ಪೇರಿಸಿ ಒತ್ತಿದ ಹಲಗೆಗಳೂ ಬಂದವು. ಅಂತಹವುಗಳಲ್ಲಿ ಒಂದಾದ ಫಾರ್ಮೈಕಾ ಎಂಬ ಹೆಸರಿಗೆ ಮೈಕಾಕ್ಕೆ, ಎಂದರೆ ಕಾಗೆಬಂಗಾರಕ್ಕೆ, ಬದಲಾದುದು ಎಂಬುದೇ ಅರ್ಥ. ಆಸ್‌ಬೆಸ್ಟಾಸ್ ನಾರನ್ನೂ ಅಂದು ಧಾರಾಳವಾಗಿ ಬೆರೆಸಿದರು. ಅದರ ಧೂಳು ಶ್ವಾಸಕೋಶಕ್ಕೆ ವಿಷವೆಂಬುದು ಲೋಕಕ್ಕೆ ಸ್ಪಷ್ಟವಾಗಿ ತಿಳಿದದ್ದು ಬಹುಕಾಲದ ಬಳಿಕ.

1909ರ ಫೆಬ್ರವರಿಯಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ನ್ಯೂಯಾರ್ಕ್ ಶಾಖೆಯ ಸಭೆಯಲ್ಲಿ ಬೇಕಲೆಂಡನು ತನ್ನ ಶೋಧನೆಯನ್ನು ಬಹಿರಂಗಪಡಿಸಿದನು. 1910ರಲ್ಲಿ ಜನರಲ್ ಬೇಕಲೈಟ್ ಕಂಪನಿಯು ಹುಟ್ಟಿತು. ಅದೇ ವರ್ಷ ಜರ್ಮನಿಯ ಎರ್ಕ್ನರ್ ಎಂಬಲ್ಲಿಯೂ ಕಾರಖಾನೆ ಆರಂಭವಾಯಿತು. ಮೋಟಾರು ಗಾಡಿಗಳ ವಿದ್ಯುತ್ ಭಾಗಗಳು, ರೇಡಿಯೋ ಪೆಟ್ಟಿಗೆಗಳು, ಟೆಲಿಫೋನುಗಳು, ಗುಂಡಿಗಳು, ಬಿಲಿಯರ್ಡ್ಸ್ ಚೆಂಡುಗಳು ಹೀಗೆ ಬೇಕಲೈಟ್ ಹೊಗದ ಎಡೆಯೇ ಇಲ್ಲವಾಯಿತು. ಅನುಕರಣೆ ಮಾಡಿದವರೊಡನೆ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಸೆಣಸಬೇಕಾಯಿತು. ಗೆದ್ದ ಮೇಲೆ ಆತನು ಸೋತವರನ್ನು ನಿರ್ನಾಮ ಮಾಡಲು ಹೋಗಲಿಲ್ಲ. 1922ರಲ್ಲಿ ಪ್ರತಿಸ್ಪರ್ಧಿಗಳಾದ ಎರಡು ಕಂಪನಿಗಳನ್ನು ತನ್ನದರೊಡನೆ ಕೂಡಿಸಿ ಬೇಕಲೈಟ್ ಕಾರ್ಪೊರೇಷನ್ ರಚಿಸಿದನು. ಇಂಗ್ಲೆಂಡಿನಲ್ಲಿ ಅವನ ಕಂಪನಿಯ ಮುಖ್ಯಸ್ಥನಾಗಿ ಬಂದವನು ಒಂದು ದಿನ ತಡವಾಗಿ ಬಂದಿದ್ದ ಆ ಸ್ವಿನ್‌ಬರ್ನನೇ. ವೈರಿಯನ್ನು ಬಂಧುವಾಗಿಸಿಕೊಳ್ಳುವ ಈ ಗುಣವು ವ್ಯಾಪಾರಿಗಳಲ್ಲಿ ವಿರಳ.

ಗೌರವಗಳು ತಾವಾಗಿ ಅರಸಿ ಬಂದವು. 1916ರಲ್ಲಿ ಪರ್ಕಿನ್ ಪದಕ ದೊರೆಯಿತು. 1924ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷನಾದನು. ಅದೇ ವರ್ಷ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಆತನ ಚಿತ್ರ ಬಂದಿತು. ಇಷ್ಟಾದರೂ ಆತನ ಬದುಕು ಸುಖದಿಂದ ತುಂಬಿತ್ತೆಂದು ಹೇಳಲಾಗದು. ಮೊದಲ ಮಗಳು ಜೆನ್ನಿ 1895ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡಿದ್ದಳು. ಮಗ ಜಾರ್ಜನಿಗೆ ತಂದೆಯ ಉದ್ಯಮವನ್ನು ಮುನ್ನಡೆಸುವ ಆಸಕ್ತಿಯಿರಲಿಲ್ಲ. ತಂದೆಯಾದರೋ ತನ್ನ ರಾಳದಂತೆಯೇ ಒಮ್ಮೆ ಗಟ್ಟಿಯಾದ ಮೇಲೆ ಬಾಗದ ಮನುಷ್ಯ. 1939ರಲ್ಲಿ ಕಂಪನಿಯನ್ನು ಯೂನಿಯನ್ ಕಾರ್ಬೈಡ್ ಸಂಸ್ಥೆಗೆ ಮಾರಿ ನಿವೃತ್ತನಾದನು. ಆಡಂಬರವನ್ನು ಆತನು ಎಂದೂ ಮೆಚ್ಚಿದವನಲ್ಲ. ಮುಪ್ಪಿನಲ್ಲಿ ಫ್ಲಾರಿಡಾದ ಮನೆಯಲ್ಲಿ ಬಿಳಿಯ ಉಡುಪು ಧರಿಸಿ, ಡಬ್ಬಿಯಲ್ಲಿ ಬರುವ ಆಹಾರವನ್ನು ಡಬ್ಬಿಯಿಂದಲೇ ಉಂಡು, ಏಕಾಂತವಾಗಿ ದಿನ ಕಳೆದನೆಂದು ಹೇಳುತ್ತಾರೆ. 1944ರ ಫೆಬ್ರವರಿ 23ರಂದು ನ್ಯೂಯಾರ್ಕ್ ರಾಜ್ಯದ ಬೀಕನ್ ಎಂಬ ಊರಿನ ಆರೋಗ್ಯಧಾಮದಲ್ಲಿ ಎಂಬತ್ತು ವರ್ಷಗಳ ಆತನ ಬಾಳು ಮುಗಿಯಿತು.

ಮನುಷ್ಯನ ಬಾಳು ಮುಗಿಯಿತು. ಆತನು ಮಾಡಿದ ವಸ್ತುವಿನ ಬಾಳು ಮುಗಿಯಲಿಲ್ಲ, ಮುಗಿಯಲಾರದಾಯಿತು. ತಂದೆಯು ಹೊಲಿದ ಪಾದರಕ್ಷೆ ಸವೆದರೆ ಹೊಲಿಗೆಯನ್ನು ಬಿಚ್ಚಿ ಹೊಸ ಅಟ್ಟೆಯನ್ನು ಹಾಕಬಹುದಾಗಿತ್ತು. ಮಗನು ಮಾಡಿದ ವಸ್ತುವಿನಲ್ಲಿ ಬಿಚ್ಚಲು ಹೊಲಿಗೆಯೇ ಇರಲಿಲ್ಲ. ಒಡೆದ ಚಿನ್ನದ ಬಳೆಯನ್ನು ಅಕ್ಕಸಾಲಿಗನು ಕರಗಿಸಿ ಹೊಸ ಬಳೆ ಮಾಡುತ್ತಾನೆ. ಒಡೆದ ಸ್ವಿಚ್ಚನ್ನು ಕಾಯಿಸಿದರೆ ಅದು ಕರಗದೆ ಕರಕಾಗುತ್ತದೆ. ಅದನ್ನು ನುಣ್ಣಗೆ ಅರೆದು ಹೊಸ ರಾಳಕ್ಕೆ ಮರದ ಹುಡಿಯಂತೆ ಅಲ್ಪಸ್ವಲ್ಪ ಬೆರೆಸಬಹುದು. ಸುಟ್ಟು ಶಾಖವನ್ನು ಪಡೆಯಬಹುದು. ಇಲ್ಲವೇ ನೆಲದಲ್ಲಿ ಹೂಳಬಹುದು. ಬೇಕಲೈಟಿನ ದಾರಿಯನ್ನು ಹಿಡಿದು ಬಂದ ಎಪಾಕ್ಸಿ, ಪಾಲಿಯೆಸ್ಟರ್, ಮೆಲಮೈನ್ ರಾಳಗಳ ಕಥೆಯೂ ಇದೇ. ವಿಮಾನದ ರೆಕ್ಕೆ, ಕಂಪ್ಯೂಟರಿನ ಹಲಗೆ, ಗಾಳಿಯಂತ್ರದ ದೈತ್ಯಗಾತ್ರದ ಅಲಗು ಇವುಗಳಲ್ಲೆಲ್ಲ ಈ ಕುಲದ ರಾಳಗಳಿವೆ. ಚಿತ್ರದುರ್ಗ, ಗದಗಗಳ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ಅಲಗುಗಳೂ ಗಾಜಿನ ನಾರು ಮತ್ತು ಇಂತಹ ರಾಳಗಳಿಂದ ಆದವುಗಳೇ. ದಶಕಗಳ ಸೇವೆ ಮುಗಿಸಿ ಅವು ಕೆಳಗಿಳಿದಾಗ ಏನು ಮಾಡಬೇಕೆಂಬುದು ಇಂದು ಲೋಕದ ಮುಂದಿರುವ ನಿಜವಾದ ಪ್ರಶ್ನೆ.

ಬೇಕಲೆಂಡನು ಬಿಟ್ಟುಹೋದ ಎರಡು ತೊಡಕುಗಳಲ್ಲಿ ಭಿದುರತೆಯ ತೊಡಕನ್ನು ಅನಂತರದವರು ಬಹುಮಟ್ಟಿಗೆ ಬಿಡಿಸಿದರು. 1960ರ ದಶಕದ ಕೊನೆಯಿಂದ ಎಪಾಕ್ಸಿ ರಾಳದಲ್ಲಿ ದ್ರವರೂಪದ ರಬ್ಬರನ್ನು ಬೆರೆಸುವ ವಿಧಾನ ಬೆಳೆಯಿತು. ರಾಳವು ಗಟ್ಟಿಯಾಗುವಾಗ ರಬ್ಬರು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗುಂಡುಗಳಾಗಿ ಒಳಗೆಲ್ಲ ಹರಡಿಕೊಳ್ಳುತ್ತದೆ. ಬಿರುಕು ಬಂದಾಗ ಈ ಮೆತ್ತನೆಯ ಗುಂಡುಗಳ ಸುತ್ತಲಿನ ರಾಳವು ಕೊಂಚ ಬಾಗಿ ಪೆಟ್ಟಿನ ಬಲವನ್ನು ಹೀರಿಕೊಳ್ಳುತ್ತದೆ. ಕಠಿಣವಾದುದರ ನಡುವೆ ಅಲ್ಲಲ್ಲಿ ಮೃದುವಾದುದು ಇದ್ದರೆ ಇಡಿಯ ವಸ್ತುವೇ ಮುರಿಯದೆ ಉಳಿಯುತ್ತದೆಯೆಂಬುದು ಇದರ ತಿರುಳು.

ಮರುಬಳಕೆಯ ತೊಡಕು ಹೆಚ್ಚು ಬಿಗಿಯಾದುದು. ಅದರ ಗಂಟು ಸಡಿಲವಾಗತೊಡಗಿದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ. 2011ರಲ್ಲಿ ಪ್ಯಾರಿಸಿನ ಲುಡ್‌ವಿಕ್ ಲೈಬ್ಲರ್ ಮತ್ತು ಸಂಗಡಿಗರು ಹೊಸ ಬಗೆಯ ಎಪಾಕ್ಸಿ ಬಲೆಯೊಂದನ್ನು ಪ್ರಕಟಿಸಿದರು. ಅದರಲ್ಲಿ ಅಣುಗಳು ಹಿಡಿದ ಕೈಯನ್ನು ಬಿಡುವುದಿಲ್ಲ. ಆದರೆ ಕಾಯಿಸಿದಾಗ ಒಂದು ಕೈಯನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ವಿನಿಮಯ ಮಾತ್ರ ನಡೆಯುತ್ತದೆ. ಒಟ್ಟು ಬಂಧಗಳ ಸಂಖ್ಯೆ ಕುಂದದೆಯೇ ವಸ್ತುವು ಕಾದ ಗಾಜಿನಂತೆ ಬಾಗಿ ಹೊಸ ಆಕಾರ ತಳೆಯುತ್ತದೆ. ಇದನ್ನು ವಿಟ್ರಿಮರ್ ಎಂದು ಕರೆದರು. 2014ರಲ್ಲಿ ಅಮೆರಿಕೆಯ ಐಬಿಎಂ ಪ್ರಯೋಗಶಾಲೆಯ ಜೆನೆಟ್ ಗಾರ್ಸಿಯಾ ಮತ್ತು ಸಂಗಡಿಗರು, ಬಲವಾದ ಆಮ್ಲದಲ್ಲಿ ಅದ್ದಿದರೆ ಮೂಲದ್ರವ್ಯಗಳಾಗಿ ಬಿಚ್ಚಿಕೊಳ್ಳುವ ಥರ್ಮೋಸೆಟ್ಟನ್ನು ಪ್ರಕಟಿಸಿದರು. 2020ರಲ್ಲಿ ಎಂಐಟಿ ವಿದ್ಯಾಸಂಸ್ಥೆಯ ಜೆರಮಯಾ ಜಾನ್ಸನ್ ಮತ್ತು ಸಂಗಡಿಗರು, ಬಲೆಯ ಎಳೆಗಳಲ್ಲಿಯೇ ಅಲ್ಲಲ್ಲಿ ಸುಲಭವಾಗಿ ಕಡಿಯಬಲ್ಲ ಕೊಂಡಿಗಳನ್ನು ಸ್ವಲ್ಪ ಪ್ರಮಾಣದಲ್ಲಿ ಸೇರಿಸಿದರೆ ವಸ್ತುವಿನ ಬಲ ಕುಗ್ಗದೆಯೇ ಅದನ್ನು ಮುಂದೆ ಬಿಡಿಸಬಹುದೆಂದು ತೋರಿಸಿದರು. 2023ರಲ್ಲಿ ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಬಿಚ್ಚುವ ಉದ್ದೇಶವಿಲ್ಲದೆ ಹಿಂದೆಂದೋ ಮಾಡಿದ ಎಪಾಕ್ಸಿಯನ್ನೂ ಲೋಹದ ವೇಗವರ್ಧಕದ ನೆರವಿನಿಂದ ಒಡೆದು, ಅದರ ಮೂಲದ್ರವ್ಯವೊಂದನ್ನೂ ಒಳಗಿನ ನಾರುಗಳನ್ನೂ ಮರಳಿ ಪಡೆಯಬಹುದೆಂದು ಪ್ರಕಟಿಸಿದರು. ಇವೆಲ್ಲ ಇನ್ನೂ ಊರೂರಿನ ಕಾರಖಾನೆಯ ಮಾತಾಗಿಲ್ಲ. ಬೇಕಲೈಟಿನ ಸೇತುವೆಗಳಾದರೋ ಇಂಗಾಲಕ್ಕೆ ಇಂಗಾಲ ಬೆಸೆದ ಬಲವಾದವುಗಳು. ಅವುಗಳನ್ನು ಅಗ್ಗವಾಗಿ ಬಿಚ್ಚುವುದು ಇಂದಿಗೂ ಕಷ್ಟವೇ.

ಇದನ್ನು ಕಂಡು ಬೇಕಲೆಂಡನನ್ನು ದೂಷಿಸುವುದು ಉಚಿತವಲ್ಲ. ಆತನ ಕಾಲಕ್ಕೆ ಬೇಕಾಗಿದ್ದುದು ಕರಗದ ವಸ್ತು. ಅದನ್ನೇ ಆತನು ಇತ್ತನು. ವಿದ್ಯುತ್ತನ್ನು ಮನೆಯೊಳಕ್ಕೆ ಭಯವಿಲ್ಲದೆ ತರಲು ಸಾಧ್ಯವಾದುದರಲ್ಲಿ ಆ ಕರಗದ ಗುಣದ ಪಾಲು ದೊಡ್ಡದು. ಇಂದಿಗೂ ಪ್ಲೈವುಡ್ಡಿನ ಅಂಟಿನಲ್ಲಿ, ವಾಹನಗಳ ಬ್ರೇಕಿನ ಪಟ್ಟಿಯಲ್ಲಿ ಆತನ ರಾಳದ ವಂಶವು ದುಡಿಯುತ್ತಿದೆ. ಇತರರು ದೋಷವೆಂದು ಎಸೆದುದರಲ್ಲಿ ಗುಣವನ್ನು ಕಂಡದ್ದು ಆತನ ಹಿರಿಮೆ. ಆ ಗುಣದೊಳಗೆ ಅಡಗಿದ್ದ ದೋಷವನ್ನು ಕಂಡು ತಿದ್ದುವುದು ಮುಂದಿನವರ ಹೊಣೆ.

ವಿಜ್ಞಾನವನ್ನು ಓದುವ ವಿದ್ಯಾರ್ಥಿಗಳು ಈ ಜೀವನದಿಂದ ಎರಡು ಮಾತುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು. ಒಂದು, ಕಸವೆಂದು ತೋರುವುದನ್ನು ಪರೀಕ್ಷಿಸದೆ ತಳ್ಳಬಾರದು. ಬೇಯರನ ಪಾತ್ರೆಯ ತಳದಲ್ಲಿದ್ದ ಅಂಟು, ಮರಗೆಲಸದವನ ಅಂಗಳದಲ್ಲಿದ್ದ ಹುಡಿ ಎರಡೂ ಸೇರಿ ಒಂದು ಯುಗವನ್ನೇ ರೂಪಿಸಿದವು. ಇನ್ನೊಂದು, ವಸ್ತುವನ್ನು ಮಾಡಿ ಮುಗಿಸಿದಲ್ಲಿಗೆ ಕಾಯಕವು ಮುಗಿಯುವುದಿಲ್ಲ. ಅದು ಸವೆದು ಹಳತಾದ ದಿನ ಯಾರ ಅಂಗಳಕ್ಕೆ ಬೀಳುತ್ತದೆಯೆಂಬುದನ್ನು ಮಾಡುವ ದಿನವೇ ಯೋಚಿಸಿದಾಗ ಆ ಕಾಯಕ ಪೂರ್ಣವಾಗುತ್ತದೆ. ಮುರಿಯದಂತೆ ಕಟ್ಟುವ ವಿದ್ಯೆಯನ್ನು ಬೇಕಲೆಂಡನು ಕಲಿಸಿಹೋದನು. ಮುರಿಯದಂತೆ ಕಟ್ಟಿಯೂ ಬೇಕಾದಾಗ ಬಿಚ್ಚಬಲ್ಲ ವಿದ್ಯೆ ಇಂದಿನ ತರುಣರ ಪಾಲಿಗೆ ಉಳಿದಿದೆ.